ನ್ಯಾಮಿಜಿ ಅಜ್ಜಿಗೆ ಬೈಯುವ ಪಾಠ

ನ್ಯಾಮಿಜಿ ಅಜ್ಜಿ ಕಳ್ಳಿಯಲ್ಲ. ಈ ಮಾತನ್ನು ಮೊದಲೇ ಹೇಳಿ ಮುಗಿಸಿಬಿಡುವುದು ಒಳ್ಳೆಯದು. ಏಕೆಂದರೆ ಆ ಶುಕ್ರವಾರ ಮಧ್ಯಾಹ್ನ, ಊರಿಗೆ ಊರೇ ನೋಡುತ್ತಿರುವಾಗ, ಚರ್ಚಿನ ಅಂಗಳದ ಮೇಜಿನ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಅವಳು ಮನೆಯ ಕಡೆ ನಡೆದುಬಿಟ್ಟಳು. ಊರಿನವರು ತಡೆದರೇ? ಎಲ್ಲಿಯ ತಡೆ! ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರು ನಾಲಿಗೆ ಆಡಿಸಿ ಕೇಕೆ ಹಾಕಿದರು. ಮಕ್ಕಳು ಅರ್ಧ ದಾರಿಯವರೆಗೆ ಅವಳ ಹಿಂದೆ ಕುಣಿದುಕೊಂಡು ಹೋದರು.

ಅಜ್ಜಿಯ ಮೊಮ್ಮಗಳು ಕಲುಂಡೆ ಮಾತ್ರ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಆ ಪೆಟ್ಟಿಗೆಯೊಳಗೆ ಶಿಜಾಳ ಕಣ್ಣುಗಳಿದ್ದವು.

ಕಲುಂಡೆ, ತಬೋರಾ ಸೀಮೆಯ ಇಕೊಂಬೆ ಎಂಬ ಊರಿನ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಕಥೆ ಹೇಳುವವಳು, ಅಕ್ಷರ ಕಲಿಸುವವಳು. ಅವಳ ಮುಂದಿನ ಸಾಲಿನಲ್ಲಿ ಕೂರುವ ಒಂಬತ್ತು ವರ್ಷದ ಶಿಜಾ ಪುಸ್ತಕವನ್ನು ಓದುತ್ತಿದ್ದಳು ಎನ್ನುವುದಕ್ಕಿಂತ ಮೂಸುತ್ತಿದ್ದಳು ಎನ್ನಬೇಕು. ಮೂಗು ಹಾಳೆಗೆ ತಗುಲಿದರೆ ಮಾತ್ರ ಅವಳಿಗೆ ಅಕ್ಷರ ಕಾಣುತ್ತಿತ್ತು. "ಶಿಜಾ, ಇವತ್ತಿನ ಪಾಠ ಯಾವ ವಾಸನೆ ಬರ್ತಿದೆಯೇ?" ಎಂದು ಉಳಿದ ಮಕ್ಕಳು ಕೇಳಿದರೆ, "ನಿನ್ನ ಕಾಲಿನ ವಾಸನೆ" ಎಂದು ಉತ್ತರಿಸುವಷ್ಟು ಬಾಯಿ ಅವಳಿಗಿತ್ತು. ಆದರೆ ಹಲಗೆಯ ಮೇಲೆ ಬರೆದದ್ದನ್ನು ಓದುವಷ್ಟು ಕಣ್ಣಿರಲಿಲ್ಲ. ಕಲುಂಡೆ ದಾರ್ ಎಸ್ ಸಲಾಮಿನ ದೊಡ್ಡ ಚರ್ಚಿಗೆ ಮೂರು ಪತ್ರ ಬರೆದಳು. ಉತ್ತರವಿಲ್ಲ. ನಾಲ್ಕನೆಯದರಲ್ಲಿ ಯೇಸು ಕುರುಡನಿಗೆ ದೃಷ್ಟಿ ಕೊಟ್ಟ ಪ್ರಸಂಗವನ್ನು ನೆನಪಿಸಿ, 'ಅವನು ಪತ್ರಕ್ಕಾಗಿ ಕಾದಿರಲಿಲ್ಲ' ಎಂದು ಒಂದು ಸಾಲು ಸೇರಿಸಿದಳು. ಅದಕ್ಕೆ ಉತ್ತರವಾಗಿ ಲಾರಿಯೇ ಬಂತು.

ಲಾರಿಯಲ್ಲಿ ಆರು ಜನ ಸೇವೆಯವರು, ಎರಡು ಡೋಲು, ಒಂದು ಮೂಟೆ ಚೆಂಡು, ತಾಯಿ ಮಕ್ಕಳಿಗೆಲ್ಲ ಜಂತುಹುಳದ ಮಾತ್ರೆ, ಹಲ್ಲುಜ್ಜುವ ಬ್ರಷ್ಷು, ಮತ್ತು ನಂಬರಿನ ಪ್ರಕಾರ ಜೋಡಿಸಿದ ಕನ್ನಡಕಗಳ ಆ ತಗಡಿನ ಪೆಟ್ಟಿಗೆ. ಇರುವುದು ಒಂದೇ ದಿನ. ಶನಿವಾರ ಮಧ್ಯಾಹ್ನಕ್ಕೆ ಮುಂದಿನ ಊರು. ಬೆಳಿಗ್ಗೆ ಬಂದವಳೇ ನರ್ಸ್ ಅಟುಪೆಲೆ ಮಾವಿನ ಮರಕ್ಕೆ ಅಕ್ಷರಗಳ ಪಟ ತೂಗುಹಾಕಿ ಮಕ್ಕಳು, ತಾಯಂದಿರು, ಮುದುಕರ ಕಣ್ಣನ್ನೆಲ್ಲ ಪರೀಕ್ಷೆ ಮಾಡಿದಳು. ಶಿಜಾಳ ಸರದಿ ಬಂದಾಗ, "ಪಟ ಕಾಣುತ್ತಾ ಮರೀ?" ಎಂದಳು. "ಯಾವ ಪಟ?" ಎಂದಳು ಶಿಜಾ. ಅಟುಪೆಲೆ ಪೆಟ್ಟಿಗೆಯನ್ನೆಲ್ಲ ಜಾಲಾಡಿದಳು. ಅಷ್ಟು ದೊಡ್ಡ ನಂಬರಿನ, ಮಕ್ಕಳ ಮುಖಕ್ಕೆ ಕೂರುವ ಕನ್ನಡಕ ಇದ್ದದ್ದು ಒಂದೇ ಒಂದು: ಕೆಂಪು ಚೌಕಟ್ಟಿನದು. ಅದನ್ನು ಬಟ್ಟೆಯಲ್ಲಿ ಸುತ್ತಿ ಎಲ್ಲದರ ಮೇಲಿಟ್ಟು, "ನಾಳೆ ಬೆಳಿಗ್ಗೆ ಪ್ರಾರ್ಥನೆ ಆದ್ಮೇಲೆ ಕೊಡೋದಂತೆ. ನಮ್ಮ ನಾಯಕರ ಕಾರ್ಯಕ್ರಮ ಪಟ್ಟಿ ಹಾಗಿದೆ" ಎಂದು ಕಣ್ಣು ಮಿಟುಕಿಸಿದಳು.

ಆ ನಾಯಕನೇ ಎಲಿಯೇಜರ್. ಇಪ್ಪತ್ತೇಳರ ತರುಣ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ನಿಯಮಗಳ ಪುಸ್ತಕ. ಮಾತಾಡಿದರೆ ಬಾಯಿಂದ ಬೆಣ್ಣೆ ಜಾರಬೇಕು, ಅಂಥ ವಿನಯ. ಸ್ವಾಗತ ಸಭೆಯಲ್ಲಿ ಎದ್ದು ನಿಂತು ಅವನು, "ಪ್ರಿಯ ತಂದೆ ತಾಯಂದಿರೇ, ನನ್ನ ಹೆಸರು ಎಲಿಯೇಜರ್ ಪಾಜಿ..." ಎಂದ.

ಅಷ್ಟೇ. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ನ್ಯಾಮಿಜಿ ಅಜ್ಜಿಯ ಎರಡೂ ಕಣ್ಣು ತೆರೆದವು.

"ಪಾಜಿ ಅಂದ್ಯಾ? ಯಾವ ಪಾಜಿ? ಕರಾವಳಿ ಪಾಜಿಯಾ? ಜರಾಮೊ ಪಾಜಿಯಾ?"

"ಹೌದು ಅಮ್ಮಾ. ನಮ್ಮ ತಂದೆಯವರು ಜರಾಮೊ ಕುಲದವರು..."

"ಅಯ್ಯೋ ನನ್ನ ದೇವರೇ! ತೆಂಗಿನಕಾಯಿ ತಾನಾಗೇ ಬೀಳ್ಲಿ ಅಂತ ಬಾಯಿ ತಕ್ಕೊಂಡು ಮಲಗೋ ಜನ ನಮ್ಮೂರಿಗೆ ಸೇವೆ ಮಾಡೋಕೆ ಬಂದವ್ರಂತೆ ಕಣ್ರೋ!" ಎಂದು ಕೂಗಿ, ಎದ್ದು, ಪೆಟ್ಟಿಗೆ ಎತ್ತಿ, ಹೋಗಿಯೇಬಿಟ್ಟಳು.

ಎಲಿಯೇಜರ್ ನಿಯಮದ ಪುಸ್ತಕ ತೆಗೆದ. ಹನ್ನೊಂದನೆಯ ಪುಟದಲ್ಲಿ, ವಸ್ತು ಕಳವಾದರೆ ಊರಿನ ಅಧ್ಯಕ್ಷರಿಗೆ ತಿಳಿಸಬೇಕು ಎಂದಿತ್ತು. ಅಧ್ಯಕ್ಷ ಮಾಯುಂಗಾ ಅಲ್ಲೇ ಕುರ್ಚಿಯಲ್ಲಿ ಕುಳಿತು, ನಕ್ಕೂ ನಕ್ಕೂ ಒದ್ದೆಯಾದ ಕಣ್ಣನ್ನು ಟೋಪಿಯಿಂದ ಒರೆಸಿಕೊಳ್ಳುತ್ತಿದ್ದರು.

"ಸ್ವಾಮಿ, ಕಳ್ಳತನ ಆಗಿದೆ."

"ಕಳ್ಳತನ ಆಗಿದ್ರೆ ಬರ್ಕೋತಿದ್ದೆ ಮಗಾ. ಇದು ಕಳ್ಳತನ ಅಲ್ಲವಲ್ಲ, ನೆಂಟಸ್ತನ."

"ಹಾಗಾದ್ರೆ ನಾಳೆ ನಾನು ತಬೋರಾದ ಪೊಲೀಸರಿಗೆ..."

"ಹೋಗು, ಹೋಗು. ಅಲ್ಲಿರೋ ದೊಡ್ಡ ಸಾಹೇಬನೂ ನಮ್ಮ ನ್ಯಾಮ್ವೇಜಿ ಕುಲದವನೇ. ನಿನ್ನ ಹೆಸರು ಕೇಳ್ತಿದ್ದಂಗೇ ನಿನ್ನ ಬೂಟು ಬಿಚ್ಚಿಸ್ಕೋತಾನೆ."

ಕೊನೆಗೆ ಬಿಡಿಸಿ ಹೇಳುವ ಕೆಲಸ ಕಲುಂಡೆಯ ಪಾಲಿಗೆ ಬಂತು. "ನಿಮ್ಮವರಿಗೂ ನಮ್ಮವರಿಗೂ ಉತಾನಿ ಇದೆ, ಗೊತ್ತಿಲ್ವಾ?"

"ಉತಾನಿ ಅಂದ್ರೆ ಫುಟ್‌ಬಾಲ್ ತಂಡದವರು ಒಬ್ಬರನ್ನೊಬ್ಬರು ಗೇಲಿ ಮಾಡೋದಲ್ವಾ?"

"ಅದು ಪೇಟೆಯ ಉತಾನಿ. ಇದು ಅಜ್ಜಿಯ ಉತಾನಿ. ಉತಾನಿಯವನು ಸಿಕ್ಕಿದ್ರೆ ಬಾಯಿಗೆ ಬಂದಂಗೆ ಬೈಬೇಕು, ಕೈಗೆ ಸಿಕ್ಕಿದ್ದು ಎತ್ಕೊಂಡು ಹೋಗ್ಬೇಕು. ಕೋಪ ಮಾಡ್ಕೊಂಡವನು ಸೋತ. ಪೆಟ್ಟಿಗೆ ಬೇಕಾದ್ರೆ ನೀವೂ ಹೋಗಿ ಅವಳನ್ನ ಚೆನ್ನಾಗಿ ಬೈದು, ಅವಳ ಮನೇಲಿ ಏನಾದ್ರೂ ಎತ್ಕೊಳ್ಳಿ. ಅವಳು ಖುಷಿಯಾಗಿ ವಾಪಸ್ ಕೊಡ್ತಾಳೆ."

ಎಲಿಯೇಜರ್ ಬೆವರಿದ. "ನಾನು ಇದುವರೆಗೂ ಯಾರನ್ನೂ ಬೈದಿಲ್ಲ. ಅದರಲ್ಲೂ ಇಷ್ಟು ದೊಡ್ಡವರನ್ನ..."

"ನಾಳೆ ಮಧ್ಯಾಹ್ನದೊಳಗೆ ಬೈದ್ರೆ ಸಾಕು," ಎಂದಳು ಕಲುಂಡೆ.

ಸಂಜೆಯ ಹೊತ್ತಿಗೆ ಇಬ್ಬರೂ ಅಜ್ಜಿಯ ಅಂಗಳಕ್ಕೆ ಹೋದಾಗ ಅವಳು ಮೋಟು ಪೀಠದ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಳು. ಮೂಗಿನ ಮೇಲೆ ಕೆಂಪು ಚೌಕಟ್ಟಿನ ಕನ್ನಡಕ! ದೂರ ಕಾಣದ ಮಗುವಿಗೆಂದು ಮಾಡಿದ ಆ ಗಾಜಿನೊಳಗಿಂದ ಅಜ್ಜಿಗೆ ಲೋಕವೆಲ್ಲ ಮಸುಕು ಮಸುಕಾಗಿ, ಸಣ್ಣ ಸಣ್ಣಗೆ ಕಾಣುತ್ತಿತ್ತು. ಅದನ್ನು ಒಪ್ಪಿಕೊಳ್ಳುವ ಪೈಕಿ ಅಲ್ಲ ಅವಳು.

"ಕಲುಂಡೇ, ಈ ಕೋಳಿಮರಿ ಯಾರದ್ದೇ? ಅಂಗಿ ಬೇರೆ ಹಾಕ್ಕೊಂಡಿದೆ!"

ಎಲಿಯೇಜರ್ ಮುಂದೆ ಹೋದ. ಗಂಟಲು ಸರಿಮಾಡಿಕೊಂಡ. ಅಮ್ಮ ಕಲಿಸಿದ್ದು ಎಲ್ಲಿ ಹೋಗುತ್ತದೆ? ಸೊಂಟ ತಾನಾಗಿ ಬಾಗಿತು, ಕೈಗಳು ತಾವಾಗಿ ಕೂಡಿದವು. "ಶಿಕಮೋ ಅಜ್ಜೀ. ನಿಮ್ಮ ಪಾದ ಹಿಡಿದೆ."

ಅಂಗಳದಲ್ಲಿ ಸೇರಿದ್ದ ಹೆಂಗಸರು "ಅಯ್ಯಯ್ಯೋ" ಎಂದು ಹಣೆ ಚಚ್ಚಿಕೊಂಡರು. ಉತಾನಿಯವಳ ಪಾದ ಹಿಡಿಯುವುದೇ!

"ಕೇಳಿದ್ರಾ?" ಎಂದಳು ಅಜ್ಜಿ ಗೆದ್ದ ದನಿಯಲ್ಲಿ. "ಜರಾಮೊನೊಬ್ಬ ನನ್ನ ಕಾಲು ಹಿಡಿದ! ಪೆಟ್ಟಿಗೆ ಬಿಡಿಸ್ಕೊಳ್ಳೋಕೆ ಒಂದು ಬೈಗುಳ ಸಾಕಾಗಿತ್ತು. ಈಗ ಎರಡು. ಹೋಗಪ್ಪಾ, ಹೋಗಿ ಗಂಜಿ ಕುಡಿದು ಮಲಕ್ಕೋ."

ಅವನನ್ನು ಕಳಿಸಿ ಕಲುಂಡೆ ಅಜ್ಜಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. "ಅಜ್ಜೀ, ನಿನ್ನ ಮೂಗಿನ ಮೇಲಿರೋದು ಶಿಜಾದು. ಅವಳಿಗೆ ಆಗೋದು ಅದೊಂದೇ."

ಅಜ್ಜಿಯ ಕೈ ಒಂದು ಕ್ಷಣ ನಿಂತಿತು. "ಶಿಜಾದಾ? ಹಾಗಾದ್ರೆ ಇನ್ನೂ ಗಟ್ಟಿಯಾಗಿ ಬೈಬೇಕು ಅವನು."

"ಅಜ್ಜೀ!"

"ಏನೇ ಅಜ್ಜಿ? ನಮ್ಮಜ್ಜ ಆನೆದಂತ ಹೊತ್ಕೊಂಡು ಮೂರು ತಿಂಗಳು ನಡೆದು ಕರಾವಳಿಗೆ ಹೋದ. ದಾರೀಲಿ ಜ್ವರ ಬಂದು ಜರಾಮೊಗಳ ಊರಲ್ಲಿ ಸತ್ತ. ಹೂಳ್ದೋನು ಯಾರು? ಒಬ್ಬ ಉತಾನಿಯವನು. ಗುಂಡಿ ತೋಡೋವಾಗೆಲ್ಲ ಬೈದನಂತೆ: 'ಎಷ್ಟು ಉದ್ದ ಇದ್ದೀಯೋ ದರಿದ್ರದವನೇ, ಮಡಚ್ಕೊಂಡು ಸಾಯಬಾರದಿತ್ತಾ' ಅಂತ. ಅಳೋರ ಕೈಗೆ ಗುದ್ದಲಿ ಹಿಡಿಯೋ ಬಲ ಇರೋಲ್ಲ ಕಣೇ, ನಗೋರಿಗೆ ಇರುತ್ತೆ. ಅಂಥವರ ಮೊಮ್ಮಗ ಇವನು. ಕೈ ಮುಗಿದು ಕೊಟ್ಟು ಹೋದ್ರೆ ದಾನ. ಲಾರಿ ಹತ್ತುತ್ತಲೇ ನಮ್ಮನ್ನ ಮರೀತಾನೆ. ಬೈದು ಕೊಟ್ರೆ ನೆಂಟ. ನನ್ನ ಮಗಳಂಥ ಶಿಜಾಗೆ ದಾನದ ಕಣ್ಣು ಯಾಕೆ?"

ಅಜ್ಜಿ ಹಿಡಿದ ಹಟವನ್ನು ಮೊಸಳೆ ಹಿಡಿದ ಕಾಲಿಗೆ ಹೋಲಿಸುತ್ತಿದ್ದರು ಊರಿನವರು, ಮೊಸಳೆಯಾದರೂ ಒಮ್ಮೊಮ್ಮೆ ಆಕಳಿಸುತ್ತದೆ ಎಂದು ಸೇರಿಸುತ್ತಿದ್ದರು. ಕಲುಂಡೆ ಎದ್ದು ಸೀದಾ ಚರ್ಚಿನ ಮಾವಿನ ಮರದ ಕೆಳಗೆ ಬಂದಳು. ಎಲಿಯೇಜರ್ ಒಣಗಿದ ಗೆಣಸಿನ ಹೋಳನ್ನು ಅಗಿಯುತ್ತ ದುಃಖದಲ್ಲಿ ಕುಳಿತಿದ್ದ.

"ಏಳಿ. ಪಾಠ ಶುರು. ನಾನೇ ಅಜ್ಜಿ ಅಂದ್ಕೊಳ್ಳಿ. ಬೈರಿ."

"ಬೈಯೋಕೆ ಮುಂಚೆ ಒಂದು ಸಣ್ಣ ಪ್ರಾರ್ಥನೆ ಮಾಡ್ಲಾ?"

"ಮಾಡಿ. ಸಣ್ಣದು."

ಅವನು ಕಣ್ಣು ಮುಚ್ಚಿ ಕ್ಷಮೆ ಕೇಳಿಕೊಂಡ. ಕಣ್ಣು ತೆರೆದು, "ಅಜ್ಜೀ, ತಾವು... ಸಾಕಷ್ಟು ವಯಸ್ಸಾದವರು" ಎಂದ.

"ಇದು ಬೈಗುಳವಾ, ಜನನ ಪತ್ರವಾ?"

"ತಮ್ಮ ನಡವಳಿಕೆ ನನಗೆ ಅಷ್ಟಾಗಿ ಹಿಡಿಸಲಿಲ್ಲ."

"ಅಯ್ಯೋ ನನ್ನ ದೇವರೇ," ಎಂದು ಪಕ್ಕದಲ್ಲಿ ಬ್ರಷ್ಷು ಎಣಿಸುತ್ತಿದ್ದ ಅಟುಪೆಲೆ ಬಿದ್ದು ಬಿದ್ದು ನಕ್ಕಳು. "ಎಲಿಯೇಜರಣ್ಣಾ, ಚರ್ಚಿನ ನೋಟೀಸು ಓದ್ತಿಲ್ಲ ನೀನು!"

ಕಲುಂಡೆ ಬಿಡಲಿಲ್ಲ. "ನಮ್ಮವರು ಹೊರೆ ಹೊರೋರು. ಅದನ್ನ ಹಿಡ್ಕೊಳ್ಳಿ. ಹೊತ್ತೂ ಹೊತ್ತೂ ಕುತ್ತಿಗೆ ಇಲ್ಲ ಅನ್ನಿ. ಕಂಡದ್ದನ್ನ ಹೇಳಿ, ಆದ್ರೆ ದೊಡ್ಡದು ಮಾಡಿ ಹೇಳಿ. ನಿಮ್ಮನೇಲಿ ಯಾರೂ ಯಾರನ್ನೂ ಬೈತಿರಲಿಲ್ವಾ?"

ಅವನ ಮುಖದ ಮೇಲೆ ಏನೋ ಒಂದು ಮಿಂಚಿತು. "ನಮ್ಮಜ್ಜಿ. ಕಿಸರಾವೆ ಊರಿನ ಮನೇಲಿ. ಗೋಡಂಬಿ ಮರಕ್ಕೆ ಕೋತಿಗಳು ಬರ್ತಿದ್ವು. ಅವನ್ನ ಬೈತಿದ್ಲು."

"ಹೇಗೆ?"

ಅವನು ಬಾಯಿ ತೆರೆದ. ಮುಚ್ಚಿದ. ನಾಚಿಕೆಗೆ ಕೆನ್ನೆ ಕಪ್ಪಗೆ ಹೊಳೆಯಿತು. "ಅದು ಹೇಳೋಂಥದ್ದಲ್ಲ," ಎಂದ.

ಅಂದು ಕಲುಂಡೆಗೆ ನಿದ್ದೆಯಲ್ಲೆಲ್ಲ ಲಾರಿ ಹೊರಡುವ ಸದ್ದೇ ಕೇಳಿಸಿತು.

ಮರುದಿನ ಪ್ರಾರ್ಥನೆ ಮುಗಿಯಿತು, ಹಾಡು ಮುಗಿಯಿತು, ಮಕ್ಕಳಿಗೆ ಚೆಂಡು ಹಂಚಿದ್ದಾಯಿತು. ಕನ್ನಡಕದ ಸರದಿಗೆ ಬಂದವರೆಲ್ಲ ಮೆರವಣಿಗೆ ಹೊರಟು ಅಜ್ಜಿಯ ಬೇಲಿಯ ಸುತ್ತ ನಿಂತರು. ಇದಕ್ಕಿಂತ ಒಳ್ಳೆಯ ಆಟ ಯಾರಿಗೂ ಬೇಕಿರಲಿಲ್ಲ. ಚಾಲಕ ಲಾರಿಯನ್ನೂ ಅಲ್ಲಿಗೇ ತಂದು, ಎಂಜಿನ್ ಆರಿಸದೆ, ಬಾನೆಟ್ಟಿನ ಮೇಲೆ ಹತ್ತಿ ಕುಳಿತ. ಅಜ್ಜಿಯದು ಅದೇ ಪೀಠ, ಅದೇ ಕಡಲೆಕಾಯಿ, ಅದೇ ಕೆಂಪು ಕನ್ನಡಕ.

"ಬಂತಾ ಕೋಳಿಮರಿ? ರಾತ್ರಿ ಎಲ್ಲ ಬೆಳೆದೇ ಇಲ್ವಲ್ಲೋ!"

ಎಲಿಯೇಜರ್ ಶುರುಮಾಡಿದ. "ಅಜ್ಜೀ, ನಿಮಗೆ... ಕುತ್ತಿಗೆ ಸ್ವಲ್ಪ ಕಡಿಮೆ ಇದೆ."

ಅಜ್ಜಿ ಆಕಳಿಸಿದಳು. ಬೇಲಿಯ ಮೇಲಿದ್ದವರೂ ಆಕಳಿಸಿದರು. ಅಟುಪೆಲೆ ಗಡಿಯಾರ ನೋಡಿದಳು. ಕಲುಂಡೆ ಸೊಂಟದ ಬಟ್ಟೆಯ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಗುಂಪಿನ ಕಾಲುಗಳ ನಡುವಿಂದ ಶಿಜಾ ನುಸುಳಿ ಬಂದಳು. ಯಾರಿಗೂ ಏನೂ ಹೇಳದೆ ಅಜ್ಜಿಯ ಮುಂದೆ ಮೊಣಕಾಲೂರಿ, ನೆಲಕ್ಕೆ ಮೂಗು ತಾಗಿಸಿ, ಕೆಳಗೆ ಬಿದ್ದ ಕಡಲೆಬೀಜಗಳನ್ನು ಹುಡುಕತೊಡಗಿದಳು. ಒಂದು ಬೀಜ ಕಂಡಿತು. ಅದರತ್ತ ಬೆರಳು ಚಾಚಿದಳು. ಅವಳ ಬೆರಳಿನ ಎದುರಿಂದಲೇ ಒಂದು ಹೇಂಟೆ ಅದನ್ನು ಕುಕ್ಕಿಕೊಂಡು ಹೋಯಿತು. ಶಿಜಾಗೆ ಗೊತ್ತಾಗಲಿಲ್ಲ. ಅದೇ ಜಾಗದಲ್ಲಿ ಅವಳ ಬೆರಳು ತಡಕಾಡುತ್ತಲೇ ಇತ್ತು.

ಎಲಿಯೇಜರ್ ಅದನ್ನು ನೋಡಿದ. ನಿಯಮದ ಪುಸ್ತಕ ಅವನ ಕೈಯಿಂದ ಜಾರಿತು. ಎಲ್ಲಿಂದಲೋ, ಕಿಸರಾವೆಯ ಗೋಡಂಬಿ ಮರದ ಬುಡದಿಂದಲೇ ಇರಬೇಕು, ಒಂದು ರಾಗ ಎದ್ದು ಬಂತು.

"ಏ ಮುದುಕೀ! ಗೂಬೆಗೆ ಮದುವೆ ಸಿಂಗಾರ ಮಾಡ್ದಂಗೆ ಕೂತಿದ್ದೀಯಲ್ಲೇ! ಕುತ್ತಿಗೆ ಎಲ್ಲೇ ನಿಂದು? ನಿಮ್ಮಜ್ಜಂದಿರು ಮೂಟೆ ಹೊತ್ತೂ ಹೊತ್ತೂ ಹೊಟ್ಟೆಯೊಳಗೆ ಇಳಿದುಹೋಯ್ತಾ? ಬುಟ್ಟಿ ನೋಡ್ಕೊಳೇ ನಿನ್ನದು! ನಿನ್ನೆ ಸಂಜೆಯಿಂದ ಸಿಪ್ಪೆ ಬುಟ್ಟಿಗೆ, ಬೀಜ ಕೋಳಿಗೆ! ಇವತ್ತು ಸಿಪ್ಪೆ ಪಾಯಸ ಮಾಡ್ಕೊಂಡು ಕುಡಿ! ನಿನ್ನಂಥ ಕಳ್ಳಿ ಹುಟ್ಟಿದ ದಿನ ನಿಮ್ಮೂರಿನ ಜೇನುಹುಳಗಳು ಗೂಡಿಗೆ ಬೀಗ ಹಾಕ್ಕೊಂಡವಂತೆ, ಕೇಳಿದ್ದೀಯಾ? ನಮ್ಮೂರಿನ ಕೋತಿಗಳೇ ವಾಸಿ, ಕದ್ದದ್ದನ್ನ ತಿಂತವೆ, ಮೂಗಿನ ಮೇಲೆ ಇಟ್ಕೊಂಡು ಮೆರೆಯೋಲ್ಲ!"

ಬುಟ್ಟಿಯ ಪಕ್ಕದಲ್ಲಿದ್ದವರು ಬಗ್ಗಿ ನೋಡಿದರು. ನಿಜ! ಬುಟ್ಟಿ ತುಂಬ ಸಿಪ್ಪೆ. ಬೇಲಿಯಿಂದ ಇಬ್ಬರು ನಗುತ್ತಲೇ ಒಳಗೆ ಉರುಳಿ ಬಿದ್ದರು. ಅಧ್ಯಕ್ಷ ಮಾಯುಂಗಾ ಟೋಪಿ ಕಚ್ಚಿಕೊಂಡರು. ಅಜ್ಜಿಯ ಮುಖ ಹುಣ್ಣಿಮೆಯಾಗಿತ್ತು. "ಹೂಂ, ಹೂಂ, ನಡೀಲಿ!" ಎಂದು ತೊಡೆ ತಟ್ಟಿಕೊಂಡಳು. "ಬಾಯಿ ಬಂತು ಮಗೂಗೆ! ಈಗ ಎತ್ಕೊಳ್ಳೋ, ನನ್ನ ಮನೆಯಿಂದ ಏನು ಎತ್ಕೋತೀಯ ಎತ್ಕೋ, ನೋಡೋಣ!"

ಎಲಿಯೇಜರ್ ಸುತ್ತ ನೋಡಿದ. ಒನಕೆ, ಮಡಕೆ, ಚಾಪೆ. ಯಾವುದೂ ಅವನ ಮನಸ್ಸಿಗೆ ಬರಲಿಲ್ಲ. ಎರಡೇ ಹೆಜ್ಜೆ ಇಟ್ಟು ಬಂದು, ಅಜ್ಜಿಯನ್ನೇ ಪೀಠದ ಸಮೇತ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

"ಈ ಮನೇಲಿ ಬೆಲೆಬಾಳೋದು ಇದೊಂದೇ! ಕರಾವಳಿಗೆ ಒಯ್ತೀನಿ. ನಾವು ಮೀನು ಒಣಗಿಸೋವಾಗ ಕಾಗೆ ಓಡಿಸೋಕೆ ಒಂದು ಬೆದರುಬೊಂಬೆ ಬೇಕಿತ್ತು!"

ಎಂದವನೇ ಲಾರಿಯತ್ತ ನಡೆದ. ಊರಿಡೀ ಅರಚಿತು. ಕಲುಂಡೆ, "ಅಯ್ಯೋ, ಬೀಳಿಸ್ತೀರಿ, ಮೆಲ್ಲಗೆ!" ಎನ್ನುತ್ತ ಹಿಂದೆ ಓಡಿದಳು. ಆದರೆ ಅಜ್ಜಿ ಬೀಳುವ ಪೈಕಿಯೇ? ಅವನ ತಲೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಸಿಂಹಾಸನದ ಮೇಲಿಂದ ಕೂಗುವಂತೆ ಕೂಗಿದಳು.

"ನೋಡಿ ಕಣ್ರೋ, ಎಲ್ಲರೂ ನೋಡಿ! ಹೊರೆ ಹೊರೋರು ನಾವು ಅಂತಿದ್ನಲ್ಲ, ಈಗ ಹೊತ್ತೋನು ಯಾರು? ನ್ಯಾಮ್ವೇಜಿ ಹೆಂಗಸನ್ನ ಹೆಗಲ ಮೇಲೆ ಹೊತ್ತ ಮೊದಲನೇ ಜರಾಮೊ! ನಮ್ಮಜ್ಜಾ, ಕೇಳಿಸ್ತಾ? ನಿನ್ನ ಹೊರೆಗೆ ಮುಯ್ಯಿ ತೀರ್ತು!"

ಎಲಿಯೇಜರ್ ನಿಂತುಬಿಟ್ಟ. ಗೆದ್ದೆನೋ ಸೋತೆನೋ ತಿಳಿಯದೆ ನಿಂತು, ಆಮೇಲೆ ಅವನೂ ನಗತೊಡಗಿದ. ಅವನ ನಗುವಿಗೆ ಮೇಲೆ ಕುಳಿತ ಅಜ್ಜಿ ಕುಲುಕಿದಳು. "ಇಳಿಸೋ ಕತ್ತೆ. ಪೆಟ್ಟಿಗೆ ಒಳಗಡೆ ಚಾಪೆ ಕೆಳಗಿದೆ. ಒಂದೂ ಕಮ್ಮಿಯಿಲ್ಲ." ಇಳಿಯುವ ಮೊದಲೇ ಅವಳು ಮೂಗಿನಿಂದ ಕನ್ನಡಕ ತೆಗೆದು, ಸೊಂಟದ ಬಟ್ಟೆಯ ತುದಿಯಿಂದ ಒರೆಸಿ, ಕೆಳಗೆ ಕೈ ಚಾಚಿದಳು. "ಶಿಜಾ, ಎಲ್ಲಿದ್ದೀಯೇ? ಬಾ. ಇದು ದಾನ ಅಲ್ಲ, ಗೊತ್ತಾಯ್ತಾ? ಉತಾನಿಯವನ ಹತ್ರ ಕಿತ್ಕೊಂಡದ್ದು."

ಕಲುಂಡೆ ಶಿಜಾಳನ್ನು ಎತ್ತಿ ಹಿಡಿದಳು. ಅಜ್ಜಿ ತಾನೇ ಕನ್ನಡಕ ತೊಡಿಸಿದಳು.

ಲಾರಿಯ ಎಂಜಿನ್ನು ಗುರುಗುಡುತ್ತಲೇ ಇತ್ತು. ಶಿಜಾ ಎರಡು ಸಲ ರೆಪ್ಪೆ ಬಡಿದಳು. ಮೊದಲು ಕಲುಂಡೆಯ ಮುಖ ನೋಡಿದಳು. ಆಮೇಲೆ ತಲೆಯೆತ್ತಿ ಅಜ್ಜಿಯ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಅಜ್ಜೀ," ಎಂದಳು ಕೊನೆಗೆ ಆಶ್ಚರ್ಯದಿಂದ, "ನಿಂಗೆ ಮೀಸೆ ಇದೆ!"

ಎದ್ದ ನಗೆಗೆ ಹೇಂಟೆ ಬೇಲಿ ಹಾರಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿ. ಎಲಿಯೇಜರನ ತಲೆಗೆ ಒಂದು ಮೊಟಕಿ ಹೇಳಿದಳು: "ನೋಡಿ ಕಲಿತ್ಕೊ. ಇವಳಿಗೆ ಯಾರೂ ಪಾಠ ಹೇಳಿಕೊಡಲಿಲ್ಲ."

ಆಮೇಲೆ ಉಳಿದ ಕನ್ನಡಕಗಳೂ ಹಂಚಿದ್ದಾಯಿತು. ಅಟುಪೆಲೆ ಅಜ್ಜಿಗೂ ಒಂದು ಕೊಟ್ಟಳು, ಹತ್ತಿರದ್ದು ಕಾಣುವಂಥದ್ದು. ಅದನ್ನು ಹಾಕಿಕೊಂಡ ಅಜ್ಜಿ ಬುಟ್ಟಿಯೊಳಗೆ ನೋಡಿ, ಯಾರೂ ಗಮನಿಸದಂತೆ ಸಿಪ್ಪೆಯನ್ನು ಒಲೆಗೆ ಸುರಿದು ಬಂದಳು. ಲಾರಿ ಹೊರಟಾಗ ಸೂರ್ಯ ನೆತ್ತಿಯನ್ನು ದಾಟಿದ್ದ. ಕಲುಂಡೆ, ಅಜ್ಜಿ, ಶಿಜಾ ಮೂವರೂ ದಾರಿಯ ಬದಿಯಲ್ಲಿ ನಿಂತು ಕೈ ಬೀಸಿದರು. ಲಾರಿ ಚಿಕ್ಕದಾಗುತ್ತ ಹೋಯಿತು, ಕೆಂಪು ಧೂಳಿನಲ್ಲಿ ಕಲುಂಡೆಯ ಕಣ್ಣಿಗೂ ಅದೊಂದು ಚುಕ್ಕೆಯಾಯಿತು. ಶಿಜಾ ಮಾತ್ರ ಇನ್ನೂ ನೋಡುತ್ತಲೇ ಇದ್ದಳು.

"ಅಕ್ಕಾ, ಎಲಿಯೇಜರಣ್ಣ ಹಿಂದೆ ನಿಂತವ್ನೆ. ಕೈಯಲ್ಲಿ ಏನೋ ಹಿಡ್ಕೊಂಡು ಆಡಿಸ್ತವ್ನೆ."

"ಏನೇ ಅದು?"

"ಉದ್ದಕ್ಕಿದೆ... ಮರದ್ದು..." ಶಿಜಾ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡಳು. "ಅಜ್ಜೀ! ನಿನ್ನ ಉಗಾಲಿ ಮುದ್ದೆ ತಿರುವೋ ಸೌಟು!"

ನ್ಯಾಮಿಜಿ ಅಜ್ಜಿ ಅಡುಗೆಮನೆಯತ್ತ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಬಟ್ಟೆ ಮೇಲೆತ್ತಿ ಕಟ್ಟಿಕೊಂಡು, ಕಾಣದ ಲಾರಿಯ ಹಿಂದೆ ನಾಲ್ಕು ಹೆಜ್ಜೆ ಓಡಿ, ಹಲ್ಲಿಲ್ಲದ ಬಾಯಿ ತುಂಬ ಕೂಗಿದಳು.

"ಕಳ್ಳಾ! ಜರಾಮೊ ಕಳ್ಳಾ! ಬರ್ತೀಯಲ್ಲ, ತಂದುಕೊಡೋಕೆ ಬರಲೇಬೇಕಲ್ಲ, ಆಗ ಇದೆ ನಿಂಗೆ!"

ಇಷ್ಟು ಸಂತೋಷದಿಂದ ಅವಳು ಯಾರನ್ನೂ ಬೈದದ್ದನ್ನು ಕಲುಂಡೆ ಕೇಳಿರಲಿಲ್ಲ.